‘ಮತ್ತು ಸಂಗಡಿಗರು’

ಹಳೆಯ ಕ್ಯಾಸೆಟ್ಟುಗಳ ಹೊದಿಕೆಯ ಮೇಲೆ, ಆಕಾಶವಾಣಿಯ ಪ್ರಕಟಣೆಗಳಲ್ಲಿ ಪದೇ ಪದೇ ಎದುರಾಗುತ್ತಿದ್ದ ಎರಡು ಪದಗಳಿವೆ: ‘ಮತ್ತು ಸಂಗಡಿಗರು’. ಮೊದಲು ಗಾಯಕರ ಹೆಸರು, ಅದರ ಬಾಲದಂತೆ ಈ ಎರಡು ಪದ. ಸಂಗಡಿಗರು ಯಾರು, ಎಷ್ಟು ಮಂದಿ, ಯಾವ ಊರಿನವರು ಎಂದು ಕೇಳಿದವರು ಕಡಿಮೆ. ಹಾಡು ಮಾತ್ರ ಅವರಿಲ್ಲದೆ ಮುಂದೆ ಸಾಗುತ್ತಿರಲಿಲ್ಲ.

ಶಾಲಾ ವಾರ್ಷಿಕೋತ್ಸವ ಹತ್ತಿರವಾದಾಗ ಈ ಸಂಗಡಿಗರ ಸಮಸ್ಯೆ ಮನೆಯೊಳಕ್ಕೂ ಬರುತ್ತದೆ. ‘ಅಮ್ಮಾ, ನನ್ನನ್ನ ಕೋರಸ್‌ಗೆ ಹಾಕಿದ್ದಾರೆ’ ಎನ್ನುವ ಮಗಳ ದನಿಯಲ್ಲೇ ಅರ್ಧ ಸೋಲಿರುತ್ತದೆ. ‘ಹಿಂದೆ ನಿಂತು ಆ ಆ ಅನ್ನೋದಕ್ಕೆ ದಿನಾ ಪ್ರಾಕ್ಟೀಸ್ ಬೇರೆ ಕೇಡು. ಕೂತ್ಕೊಂಡು ಲೆಕ್ಕ ಮಾಡು’ ಎಂದು ಅಪ್ಪ ಪತ್ರಿಕೆಯ ಹಿಂದಿನಿಂದ ಹೇಳಿದರೆ ಉಳಿದರ್ಧವೂ ಪೂರ್ತಿಯಾಗುತ್ತದೆ. ಒಬ್ಬರೇ ಮೈಕಿನ ಮುಂದೆ ನಿಂತರೆ ಮಾತ್ರ ಹಾಡಿದಂತೆ ಎಂಬ ಲೆಕ್ಕ ಎಲ್ಲಿಂದ ಬಂತೋ! ನಂದಿ ಬೆಟ್ಟದ ಸುತ್ತಲಿನ ಸೀಮೆಯಲ್ಲಂತೂ ಅದು ಹುಟ್ಟಿದ್ದಲ್ಲ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಭಜನೆಯನ್ನು ಕೇಳಿದವರಿಗೆ ಇದು ಗೊತ್ತು. ತಂಬೂರಿ ಹಿಡಿದ ಹಿರಿಯರೊಬ್ಬರು ಒಂದು ಸೊಲ್ಲು ಎತ್ತಿಕೊಡುತ್ತಾರೆ. ತಾಳ ಹಿಡಿದ ಹತ್ತು ಮಂದಿ ಅದನ್ನು ತಿರುಗಿ ಹೇಳುತ್ತಾರೆ. ಆ ಹತ್ತು ಮಂದಿಯ ದನಿಗೆ ಕನ್ನಡ ಕೊಟ್ಟ ಹೆಸರು ಹಿಮ್ಮೇಳ.

ಚಿಂತಾಮಣಿ ತಾಲ್ಲೂಕಿನ ಕೈವಾರ ಈ ಹಾಡಿಕೆಯ ತವರು. ಜನ ಪ್ರೀತಿಯಿಂದ ಕೈವಾರ ತಾತಯ್ಯ ಎಂದು ಕರೆಯುವ ಯೋಗಿ ನಾರೇಯಣರು ಬಳೆಯ ಮಲಾರ ಹೊತ್ತು ಊರೂರು ತಿರುಗಿದವರು. 1726ರಲ್ಲಿ ಹುಟ್ಟಿ 110 ವರ್ಷ ಬಾಳಿದರೆಂದು ಪರಂಪರೆ ಹೇಳುತ್ತದೆ. ಕಾಲಜ್ಞಾನದಿಂದ ಅವರ ಹೆಸರು ದೂರ ದೂರಕ್ಕೆ ಹಬ್ಬಿತು. ಆದರೆ ಅವರನ್ನು ಈ ಸೀಮೆಯ ನಾಲಗೆಯ ಮೇಲೆ ಉಳಿಸಿದ್ದು ತೆಲುಗು ಮತ್ತು ಕನ್ನಡದಲ್ಲಿ ಅವರು ಕಟ್ಟಿದ ಪದಗಳು. ಆಷಾಢದ ಗುರುಪೂರ್ಣಿಮೆಗೆ ಕೈವಾರದಲ್ಲಿ 72 ಗಂಟೆಗಳ ಅಖಂಡ ಸಂಗೀತ ನಡೆದುಕೊಂಡು ಬಂದಿದೆ. ಹೆಸರಾಂತ ವಿದ್ವಾಂಸರೂ ಹಾಡುತ್ತಾರೆ, ಹಳ್ಳಿಯ ಭಜನಾ ಮಂಡಳಿಗಳೂ ಹಾಡುತ್ತವೆ.

ಹಿಮ್ಮೇಳದ ಕೆಲಸ ಬರಿಯ ಅಲಂಕಾರವಲ್ಲ. ಅವರು ಸೊಲ್ಲನ್ನು ತಿರುಗಿ ಹೇಳುವಷ್ಟು ಹೊತ್ತು ಮುಂದಾಳು ಉಸಿರು ತೆಗೆದುಕೊಳ್ಳುತ್ತಾನೆ, ಮುಂದಿನ ಸೊಲ್ಲನ್ನು ನೆನಪಿಗೆ ತಂದುಕೊಳ್ಳುತ್ತಾನೆ. ಅವನು ಲಯ ತಪ್ಪಿದರೆ ತಾಳ ಅವನನ್ನು ಹಿಡಿದು ನಿಲ್ಲಿಸುತ್ತದೆ. ಪದ ತಪ್ಪಿದರೆ ಹತ್ತು ಬಾಯಿ ಸರಿಯಾದುದನ್ನೇ ಹೇಳಿ ತಿದ್ದುತ್ತವೆ. ಓದು ಬಾರದವರೂ ನೂರಾರು ಪದಗಳನ್ನು ಕಲಿತದ್ದು ಹೀಗೆ ತಿರುಗಿ ಹೇಳಿಯೇ. ಮನೆಯಲ್ಲಿ ತೆಲುಗಾಡುವವನೂ ಕನ್ನಡವಾಡುವವನೂ ಒಂದೇ ಚಾಪೆಯ ಮೇಲೆ ಕೂತು ಎರಡೂ ಭಾಷೆಯ ಪದ ಹಾಡಿದ್ದು ಹೀಗೆಯೇ. ಇಂದು ತಂಬೂರಿ ಹಿಡಿದವನು ನಿನ್ನೆ ತಾಳ ತಟ್ಟಿದವನೇ.

ಆಮೇಲೆ ಧ್ವನಿಮುದ್ರಣ ಬಂತು. ನಂದಿಯ ನೆರೆಯ ದೇವನಹಳ್ಳಿಯಲ್ಲಿ ಹುಟ್ಟಿದ ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಹೊರಬಂತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂದು ಅದಕ್ಕೆ ಹೆಸರು. ಅದರ ಬೆನ್ನಿಗೆ ಮನೆಮನೆಗೆ ಭಾವಗೀತೆ ಬಂತು. ಕ್ಯಾಸೆಟ್ಟಿಗೆ ಎರಡು ಮಗ್ಗುಲು. ಮೊದಲ ಮಗ್ಗುಲಿನ ಮೊದಲ ಹಾಡು ಟೇಪು ಸವೆಯುವಷ್ಟು ಓಡುತ್ತಿತ್ತು, ಎರಡನೆಯ ಮಗ್ಗುಲಿನ ಕೊನೆಯ ಹಾಡಿನ ತನಕ ಹೋಗುವ ತಾಳ್ಮೆ ಕೆಲವರಿಗಷ್ಟೇ. ಮುಂದಿನ ದನಿ ಮೈಕಿಗೆ ಹತ್ತಿರವಾದಷ್ಟೂ ಹಿಂದಿನ ದನಿಗಳು ‘ಸಂಗಡಿಗರು’ ಎಂಬ ಒಂದೇ ಪದದೊಳಗೆ ಸೇರಿಹೋದವು.

ಇದು ನಮ್ಮಲ್ಲಷ್ಟೇ ಆದುದಲ್ಲ. ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿಯೂ ಒಬ್ಬರು ಎತ್ತಿಕೊಟ್ಟ ಸೊಲ್ಲಿಗೆ ನೆರೆದವರೆಲ್ಲ ಮರುದನಿ ಕೊಡುವ ರೂಢಿ. ಆ ಚರ್ಚಿನ ಹಾಡಿಕೆಯೇ ಪೇಟೆಗೆ ಬಂದು ‘ಸೋಲ್’ ಸಂಗೀತವಾಯಿತು. ಸೋಲ್ ಎಂದರೆ ಆತ್ಮ. ನಮ್ಮ ತತ್ವಪದಕಾರರಿಗೂ ಹತ್ತಿರದ ಪದ. ಅದರ ರಾಣಿ ಎನಿಸಿಕೊಂಡ ಅರೀಥಾ ಫ್ರಾಂಕ್ಲಿನ್ (1942–2018) ಡೆಟ್ರಾಯಿಟ್ ನಗರದಲ್ಲಿ ತಂದೆ ಪಾದ್ರಿಯಾಗಿದ್ದ ಚರ್ಚಿನಲ್ಲಿ ಹಾಡುತ್ತ ಬೆಳೆದಾಕೆ.

1968ರಲ್ಲಿ ಬಂದ ಆಕೆಯ ‘ಲೇಡಿ ಸೋಲ್’ ತಟ್ಟೆಯಲ್ಲಿ ಹತ್ತು ಹಾಡುಗಳು. ‘ಚೇನ್ ಆಫ್ ಫೂಲ್ಸ್’ನಂಥವು ಲೋಕವೆಲ್ಲ ಓಡಾಡಿದವು. ಹತ್ತನೆಯದು, ಎರಡನೆಯ ಮಗ್ಗುಲಿನ ಕಟ್ಟಕಡೆಯದು, ‘ಏಂಟ್ ನೋ ವೇ’. ಅರೀಥಾಳ ತಂಗಿ ಕ್ಯಾರೊಲಿನ್ ಬರೆದದ್ದು. ಪ್ರೀತಿಸಲು ಬಿಡದವರನ್ನು ಪ್ರೀತಿಸುವುದಾದರೂ ಹೇಗೆ ಎಂಬುದು ಅದರ ಅಳಲು. ಸಣ್ಣ ತಟ್ಟೆಯಲ್ಲಿ ಹೊರಬಂದಾಗಲೂ ಅದಕ್ಕೆ ಸಿಕ್ಕಿದ್ದು ಇನ್ನೊಂದು ಹಾಡಿನ ಬೆನ್ನು.

ಈ ಹಾಡನ್ನು ಕೇಳುವವರು ಅರೀಥಾಳ ಹಿಂದೆ ಕಿವಿಯಿಡಬೇಕು. ಹಾಡು ಮೇಲೇರುತ್ತಿದ್ದಂತೆ ಹಿಮ್ಮೇಳದಿಂದ ಒಂದು ಹೆಣ್ಣು ದನಿ ಬೇರ್ಪಟ್ಟು ಏರುತ್ತದೆ. ಅದಕ್ಕೆ ಪದಗಳಿಲ್ಲ, ಬರಿಯ ಸ್ವರ. ಮುಂದಿನವಳು ಮಾತಿನಲ್ಲಿ ಹೇಳಿ ಮುಗಿಸಲಾರದ್ದನ್ನು ಹಿಂದಿನವಳು ಮಾತಿಲ್ಲದೆ ಹೇಳುತ್ತಾಳೆ. ಒಬ್ಬಳನ್ನು ಇನ್ನೊಬ್ಬಳು ಮುಚ್ಚುವುದಿಲ್ಲ. ಆ ದನಿ ಸಿಸ್ಸಿ ಹೂಸ್ಟನ್ ಅವರದು. ‘ಸ್ವೀಟ್ ಇನ್‌ಸ್ಪಿರೇಷನ್ಸ್’ ಎಂಬ ಹಿಮ್ಮೇಳ ತಂಡದವರು. ಆ ದನಿಯನ್ನು ತೆಗೆದು ಹಾಡನ್ನು ಊಹಿಸಿಕೊಂಡರೆ ಉಳಿಯುವುದು ಒಳ್ಳೆಯ ಹಾಡೇ, ಆದರೆ ಒಂಟಿ ಹಾಡು.

ಸಿಸ್ಸಿ ನೆವಾರ್ಕ್ ನಗರದ ತಮ್ಮ ಚರ್ಚಿನಲ್ಲಿ ಗಾಯನವೃಂದವನ್ನು ನಡೆಸಿದವರು. ಮಗಳು ವಿಟ್ನಿ ಹೂಸ್ಟನ್ ಬಾಲ್ಯದಲ್ಲಿ ಹಾಡಲು ಕಲಿತದ್ದು ಆ ವೃಂದದಲ್ಲೇ. ಮಗಳ ಹೆಸರು ಜಗತ್ತಿಗೆಲ್ಲ ಗೊತ್ತು. 2024ರಲ್ಲಿ 91ನೆಯ ವಯಸ್ಸಿನಲ್ಲಿ ತಾಯಿ ತೀರಿಕೊಂಡಾಗ ಪತ್ರಿಕೆಗಳು ಅವರನ್ನು ಹೆಚ್ಚಾಗಿ ವಿಟ್ನಿಯ ತಾಯಿ ಎಂದೇ ಗುರುತಿಸಿದವು. ಹಿಂದೆ ನಿಂತವರ ಋಣ ತೀರಿಸುವುದು ಎಲ್ಲ ಊರಿನಲ್ಲೂ ಕಷ್ಟವೇ.

ಆದ್ದರಿಂದ ಮಗಳು ಕೋರಸ್‌ನಲ್ಲಿ ನಿಲ್ಲುವುದನ್ನು ಸೋಲೆಂದು ಬಗೆಯುವ ಮೊದಲು ಅಲ್ಲಿ ಆಕೆ ಕಲಿಯುವುದೇನು ಎಂದು ಲೆಕ್ಕ ಹಾಕುವುದು ಒಳ್ಳೆಯದು. ತನ್ನ ದನಿಯನ್ನು ಪಕ್ಕದವಳ ದನಿಗೆ ಸರಿಹೊಂದಿಸಲು ಮೊದಲು ಪಕ್ಕದವಳನ್ನು ಕೇಳಬೇಕು. ಎಲ್ಲಿ ಏರಬೇಕು, ಎಲ್ಲಿ ಸುಮ್ಮನಿರಬೇಕು ಎಂದು ತಿಳಿಯಬೇಕು. ಇದನ್ನು ಕಲಿತವಳು ಮುಂದೆ ಒಬ್ಬಳೇ ಹಾಡಿದರೂ ಚೆನ್ನಾಗಿ ಹಾಡುತ್ತಾಳೆ. ಹಾಡದೆ ಬೇರೇನೋ ಆದರೂ ನಾಲ್ಕು ಜನರ ನಡುವೆ ಚೆನ್ನಾಗಿ ಬಾಳುತ್ತಾಳೆ. ಲೆಕ್ಕದ ಪುಸ್ತಕ ರಾತ್ರಿಯವರೆಗೆ ಕಾಯುತ್ತದೆ.

ಶಾಲೆಯವರೂ ಒಂದು ಕೆಲಸ ಮಾಡಬಹುದು. ಆಮಂತ್ರಣ ಪತ್ರಿಕೆಯಲ್ಲಿ ಅಧ್ಯಕ್ಷರು, ಮುಖ್ಯ ಅತಿಥಿಗಳು, ಅವರ ಬಿರುದುಗಳು ಎಲ್ಲಕ್ಕೂ ಜಾಗವಿರುತ್ತದೆ. ‘ಮತ್ತು ಸಂಗಡಿಗರು’ ಎಂದು ಮುಗಿಸುವ ಬದಲು ಆ ಹನ್ನೆರಡು ಮಕ್ಕಳ ಹೆಸರನ್ನೂ ಅಚ್ಚು ಹಾಕಿಸಿದರೆ ಹೆಚ್ಚಿಗೆ ಹಿಡಿಯುವುದು ಎರಡೇ ಸಾಲು.