ಅಂಟಿಲ್ಲದ ನಂಟು

ಮನೆಯಲ್ಲೊಂದು ಕೆಟ್ಟ ರೇಡಿಯೋ ಇದ್ದರೆ ಆ ಕಾಲದ ಹುಡುಗರಿಗೆ ಅದೇ ಪಿತ್ರಾರ್ಜಿತ ಆಸ್ತಿ. ಸ್ಪೀಕರಿನ ಬೆನ್ನಿಗಿದ್ದ ಕಪ್ಪು ಬಳೆಯನ್ನು ಬಡಿದು ಬಿಡಿಸಿಕೊಂಡವನೇ ಬೀದಿಗೆ ಯಜಮಾನ. ದಾರ ಕಟ್ಟಿ ಮರಳಲ್ಲಿ ಎಳೆದರೆ ಕರೀ ಪುಡಿ ಅದರ ಮೈತುಂಬ ಮೆತ್ತಿಕೊಳ್ಳುತ್ತಿತ್ತು. ಆಮೇಲೆ ಅಡುಗೆಮನೆಯ ತಪಾಸಣೆ. ಈಳಿಗೆಮಣೆಯ ಅಲಗು ಕಚ್ಚಿಕೊಂಡಿತು. ತಾಮ್ರದ ತಂಬಿಗೆ ಮಾತ್ರ ಜಪ್ಪಯ್ಯ ಅಂದರೂ ಒಲಿಯಲಿಲ್ಲ. "ತಾಮ್ರ ಮಡಿ ಕಣೋ, ಕಂಡಕಂಡದ್ದನ್ನೆಲ್ಲ ಮುಟ್ಟಿಸಿಕೊಳ್ಳಲ್ಲ" ಎಂದರು ಅಜ್ಜಿ.

ಶಾಲೆಯಲ್ಲಿ ಮೇಷ್ಟ್ರು ಲೋಕದ ವಸ್ತುಗಳನ್ನೆಲ್ಲ ವಾಹಕ, ಅವಾಹಕ ಎಂದು ಎರಡು ಪಂಕ್ತಿಯಲ್ಲಿ ಕೂರಿಸಿದರು. ಅಯಸ್ಕಾಂತ ಈ ಪಂಕ್ತಿಭೇದಕ್ಕೆ ಸೊಪ್ಪು ಹಾಕುವುದಿಲ್ಲ. ಬೆಳ್ಳಿಯನ್ನು ಬಿಟ್ಟರೆ ತಾಮ್ರದಷ್ಟು ಸಲೀಸಾಗಿ ಕರೆಂಟು ಹರಿಸುವ ಲೋಹವಿಲ್ಲ, ಅದು ಅಂಟದು. ಆ ಕಪ್ಪು ಬಳೆಯೋ, ಕಬ್ಬಿಣದ ಆಕ್ಸೈಡಿಗೆ ಬೇರಿಯಮ್ಮೋ ಸ್ಟ್ರಾನ್ಷಿಯಮ್ಮೋ ಬೆರೆಸಿ ಸುಟ್ಟ ಫೆರೈಟು. ಬಿದ್ದರೆ ಮಡಕೆಯಂತೆ ಒಡೆಯುತ್ತದೆ, ಕರೆಂಟನ್ನು ಹತ್ತಿರ ಸೇರಿಸುವುದಿಲ್ಲ. ಅವಾಹಕವೇ ಅಯಸ್ಕಾಂತವಾಗಿ ಕೂತಿದೆ! ಅಂಟುವುದೂ ಬಿಡುವುದೂ ಪರಮಾಣುಗಳ ಪುಟಾಣಿ ಕಾಂತಗಳು ಒಗ್ಗಟ್ಟಿನಿಂದ ಸಾಲುಗಟ್ಟುತ್ತವೆಯೇ ಎಂಬುದಕ್ಕೆ ಬಿಟ್ಟ ವಿಚಾರ. ಕರೆಂಟು ಹರಿಯುವುದು ಬೇರೆಯದೇ ವ್ಯವಹಾರ.

ಆದರೆ ತಾಮ್ರದ ಮಡಿಯೆಲ್ಲ ಸುಮ್ಮನಿರುವ ಅಯಸ್ಕಾಂತದ ಮುಂದೆ ಮಾತ್ರ. ಅಯಸ್ಕಾಂತ ಅಲುಗಿತೋ, ತಾಮ್ರದೊಳಗೆ ಸುಳಿಪ್ರವಾಹಗಳೆದ್ದು ಅಡ್ಡ ನಿಲ್ಲುತ್ತವೆ. 1824ರ ಸುಮಾರಿಗೆ ಫ್ರಾನ್ಸಿನ ಅರಾಗೋ ತಾಮ್ರದ ತಟ್ಟೆ ತಿರುಗಿಸಿದಾಗ ಮೇಲಿದ್ದ ಕಾಂತಸೂಜಿಯೂ ಅದರ ಹಿಂದೆಯೇ ತಿರುಗಿತು. ಕಾರಣ ಹೇಳುವುದಕ್ಕೆ 1831ರಲ್ಲಿ ಫ್ಯಾರಡೆ ಬರಬೇಕಾಯಿತು.

ಅದೇ ವಿದ್ಯೆ ನಮ್ಮ ಹಜಾರದ ಹಳೇ ಮೀಟರಿನಲ್ಲೂ ನಡೆಯುತ್ತಿತ್ತು. ಗಾಜಿನ ಹಿಂದೆ ಅಡ್ಡಡ್ಡ ಕೂತ ಅಲ್ಯೂಮಿನಿಯಂ ಬಿಲ್ಲೆ. ಅದೂ ಅಂಟದ ಕುಲವೇ. ಸುರುಳಿಗಳ ಕಾಂತಕ್ಷೇತ್ರ ಮುಟ್ಟದೆಯೇ ಅದನ್ನು ತಳ್ಳುತ್ತಿತ್ತು, ಪಕ್ಕದ ಶಾಶ್ವತ ಕಾಂತ ಮುಟ್ಟದೆಯೇ ತಡೆಯುತ್ತಿತ್ತು. ಅಂಚಿನ ಕರೀ ಗುರುತು ಸುತ್ತು ಹಾಕಿ ಮರಳುವ ಗತಿ ನೋಡಿಯೇ ಅಪ್ಪ ಕೂಗುತ್ತಿದ್ದರು: "ಯಾರೋ ಅದು ಇಸ್ತ್ರಿಪೆಟ್ಟಿಗೆ ಹಾಕಿ ಮರೆತಿರೋದು?" ನಮ್ಮ ಗುಟ್ಟುಗಳನ್ನೆಲ್ಲ ಆ ಬಿಲ್ಲೆ ಅವರಿಗೆ ಹೇಳಿಬಿಡುತ್ತಿತ್ತು.

ಈಗ ಅದರ ಜಾಗದಲ್ಲಿ ಎಲೆಕ್ಟ್ರಾನಿಕ್ ಮೀಟರು, ಮಿಣಕುವ ಕೆಂಪು ದೀಪ. ಹಾಕಿದ ದಿನ ಅಪ್ಪ ಕನ್ನಡಕ ಮೇಲೇರಿಸಿ ಬಹಳ ಹೊತ್ತು ನೋಡಿದರು. "ಇದೇನೋ, ಬರೀ ಕಣ್ಣು ಹೊಡೆಯುತ್ತಲ್ಲ? ನಾಳೆ ಬಿಲ್ಲು ಜಾಸ್ತಿ ಬಂದರೆ ಯಾವುದನ್ನು ತೋರಿಸಿ ಜಗಳ ಆಡೋಣ?"