ಮುಪ್ಪಿನ ಓದು

ಮುಪ್ಪನ್ನು ಕುರಿತ ಶಾಸ್ತ್ರಕ್ಕೆ ‘ಜೆರೊಂಟಾಲಜಿ’ ಎಂದು 1903ರಲ್ಲಿ ಹೆಸರಿಟ್ಟವರು ಎಲೀ ಮೆಚ್ನಿಕಾಫ್. ಲಾಸ್ ಏಂಜಲೀಸಿನ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಇದಕ್ಕೆಂದೇ 1975ರಲ್ಲಿ ಸ್ಥಾಪಿತವಾದ ಲಿಯೊನಾರ್ಡ್ ಡೇವಿಸ್ ಶಾಲೆಯಿದೆ. ಅನ್ಯ ವಿಷಯದಲ್ಲಿ ಪದವಿ ಪಡೆಯುವವರೂ ಅಲ್ಲಿ ಇದನ್ನು ಮೈನರ್, ಅಂದರೆ ಉಪವಿಷಯವಾಗಿ, ಓದಬಹುದು. ಇಪ್ಪತ್ತರ ಹರೆಯಕ್ಕೆ ಮುಪ್ಪಿನ ಪಾಠವೇಕೆಂದು ನಗುವವರುಂಟು, ನಗಲಿ.

ಅರವತ್ತಕ್ಕೆ ಅರಳುಮರಳು ಎಂಬ ನಮ್ಮ ಗಾದೆಯನ್ನು ಈ ಶಾಸ್ತ್ರವು ಒಪ್ಪುವುದಿಲ್ಲ. ಡಿಮೆನ್ಷಿಯಾ ರೋಗವೇ ಹೊರತು ವಯಸ್ಸಿನ ಸಹಜ ಕಾಯಧರ್ಮವಲ್ಲ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ದೋಷ, ಖಿನ್ನತೆ ಇವುಗಳಿಂದಲೂ ಮರೆವು ಬರುವುದುಂಟು. ಇವಕ್ಕೆ ಚಿಕಿತ್ಸೆಯೂ ಉಂಟು. ‘ವಯಸ್ಸಾಯಿತು, ಬಿಡಿ’ ಎಂಬ ಮಾತು ಹಿರಿಯ ಜೀವಕ್ಕೆ ಆ ಚಿಕಿತ್ಸೆಯನ್ನೇ ತಪ್ಪಿಸುತ್ತದೆ. ಇಷ್ಟನ್ನು ಓದಿದ ಮೊಮ್ಮಗಳು ಅಜ್ಜಿಯು ಹೆಸರು ಮರೆತಾಗ ಮೊದಲು ರಕ್ತಪರೀಕ್ಷೆ ಮಾಡಿಸಿರೆನ್ನುತ್ತಾಳೆ.