ಹಿತ್ತಿಲ ಸೂರಕ್ಕಿ

ಅಮೇರಿಕಾ ಖಂಡಗಳಲ್ಲಿ ಹಮ್ಮಿಂಗ್‌ಬರ್ಡ್ ಎಂಬ ಕಿರುಹಕ್ಕಿಗಳ ಕುಲವೊಂದುಂಟು. ಅದರಲ್ಲಿ 300ಕ್ಕೂ ಮಿಕ್ಕಿ ಜಾತಿಗಳಿದ್ದರೂ ಒಂದಾದರೂ ನಮ್ಮ ದೇಶದಲ್ಲಿ ಇಲ್ಲ. ಅಲ್ಲಿಯ ಪಡುಗಡಲ ತೀರದಲ್ಲಿ ಅನ್ನಾ ಎಂಬ ಹೆಸರಿನ ಜಾತಿಯು ಚಳಿಗಾಲದಲ್ಲಿಯೂ ನೆಲೆ ಬಿಡದು. ಹಿಮ ಬಿದ್ದ ಮುಂಜಾವಿನಲ್ಲಿ ಗೃಹಸ್ಥರು ಹೆಪ್ಪುಗಟ್ಟಿದ ಸಕ್ಕರೆನೀರನ್ನು ಬದಲಿಸಿಟ್ಟು, ಹಿತ್ತಿಲಿನಲ್ಲಿ ಅದರ ಛಾಯಾಚಿತ್ರಕ್ಕಾಗಿ ಕಾದಿರುವರು.

ವಿಜಯಪುರದ ಹಿತ್ತಿಲಿಗೆ ಆ ಹಿಮವೂ ಬಾರದು, ಆ ಹಕ್ಕಿಯೂ ಬಾರದು. ಆದರೆ ಎಳ್ಳಮವಾಸ್ಯೆಯ ಸುಮಾರಿಗೆ, ಚಳಿಯಲ್ಲಿ ಕಂಬಳಿ ಹೊದ್ದು ದಾಸಾಳದ ಗಿಡದ ಮುಂದೆ ಕ್ಯಾಮೆರಾ ಹಿಡಿದು ಕುಳಿತವನಿಗೆ ನಿರಾಶೆಯಿಲ್ಲ. ಮಕರಂದ ಹೀರುವ ಅದೇ ವೃತ್ತಿಯನ್ನು ಇಲ್ಲಿ ಸೂರಕ್ಕಿಯು ನಡೆಸುತ್ತಿರುವುದು. ಇವೆರಡಕ್ಕೂ ರಕ್ತಸಂಬಂಧವಿಲ್ಲ, ಒಂದೇ ಬಗೆಯ ಕೆಲಸವು ಇಬ್ಬರಿಗೂ ನೀಳವಾದ ಕೊಕ್ಕನ್ನು ಕೊಟ್ಟಿದೆ, ಅಷ್ಟೆ. ಅನ್ನಾ ಹಕ್ಕಿಯು ಸೆಕೆಂಡಿಗೆ ಸುಮಾರು 40 ಬಾರಿ ರೆಕ್ಕೆ ಬಡಿಯುತ್ತ ಗಾಳಿಯಲ್ಲಿಯೇ ನಿಲ್ಲಬಲ್ಲದು. ಸೂರಕ್ಕಿಯು ಹೆಚ್ಚಾಗಿ ಟೊಂಗೆಯನ್ನು ಹಿಡಿದು ಕುಳಿತೇ ಉಣ್ಣುವುದು. ಆ ಒಂದು ಕ್ಷಣವೇ ಛಾಯಾಗ್ರಾಹಕನ ಪಾಲು.

ಆ ಕ್ಷಣಕ್ಕೆ ಬೆಳಕೂ ಒದಗಬೇಕು. ಗಂಡಿನ ಹೊಳಪು ಬರಿಯ ಬಣ್ಣದಿಂದಾದುದಲ್ಲ, ಗರಿಯ ಸೂಕ್ಷ್ಮ ರಚನೆಯಿಂದ ಹುಟ್ಟುವುದು. ಸೂರ್ಯನು ನೋಡುವವನ ಬೆನ್ನಿಗಿದ್ದರೆ ನೇರಳೆಯೂ ನೀಲಿಯೂ ಮಿಂಚುವುವು. ಎದುರಿಗಿದ್ದರೆ ಅದೇ ಹಕ್ಕಿ ಇದ್ದಿಲಿನ ತುಂಡು! ಹೇಮಂತದಲ್ಲಿ ಇನ್ನೊಂದು ತೊಡಕುಂಟು. ಮರಿ ಮಾಡುವ ಕಾಲ ಮುಗಿದ ಮೇಲೆ ಗಂಡು ತನ್ನ ರಾಜವೇಷವನ್ನು ಕಳಚಿ, ಹಳದಿ ಎದೆಯ ನಡುವೆ ಒಂದೇ ಕಪ್ಪು ಗೆರೆಯನ್ನು ಉಳಿಸಿಕೊಂಡಿರುವುದು. ಈ ಬಡವೇಷವನ್ನು ಕಂಡು ಕ್ಯಾಮೆರಾ ಮಡಿಸುವವರುಂಟು. ಆದರೆ ಹಳೆಯ ಹಳದಿಯ ನಡುವೆ ಹೊಸ ನೇರಳೆ ಅಲ್ಲಲ್ಲಿ ಮೂಡುವ ಚಿತ್ರವು ಋತುವಿನ ನಡೆಯನ್ನೇ ತೋರಿಸುವುದು. ತುಂಬು ವೇಷದ ಚಿತ್ರದಲ್ಲಿ ಅದು ದೊರೆಯದು.

ನಗರದ ಹೊರಗೆ ತಿಕೋಟಾ, ಬಬಲೇಶ್ವರಗಳ ಕಡೆಗೆ ಹೋದರೆ ದಾಳಿಂಬದ ಕೆಂಪು ಹೂವುಗಳಲ್ಲಿಯೂ ಸೂರಕ್ಕಿಯನ್ನು ಅರಸಬಹುದು. ಅದಕ್ಕೆ ಹೂವಿನ ಜೇನೊಂದೇ ಸಾಲದು. ಜೇಡ, ಸಣ್ಣ ಹುಳುಗಳೂ ಬೇಕು. ಮರಿಗಳು ಬೆಳೆಯುವುದು ಅವುಗಳಿಂದಲೇ. ಆದುದರಿಂದ ಹುಳುವೊಂದೂ ಉಳಿಯದಂತೆ ಔಷಧಿ ಹೊಡೆದ ಗಿಡದಲ್ಲಿ ಹೂವಿದ್ದರೂ ಅದರ ಸಂಸಾರ ಸಾಗದು.

ಬಿಸಿಲೇರುವ ದಿನಗಳಲ್ಲಿ ಹೆಣ್ಣು ಜೇಡರ ಬಲೆಯಿಂದ ನಾರು, ಒಣಎಲೆಗಳನ್ನು ಬೆಸೆದು ಚೀಲದಂತಹ ಗೂಡನ್ನು ತೂಗಹಾಕುವುದು. ಛಾಯಾಗ್ರಾಹಕನ ನಿಜವಾದ ಪರೀಕ್ಷೆ ಆಗ. ಗೂಡಿಗೆ ಅಡ್ಡವಾದ ನಾಲ್ಕು ಎಲೆಗಳನ್ನು ಕತ್ತರಿಸಿದರೆ ಚಿತ್ರವು ನಿಚ್ಚಳವಾಗಿ ಬರುವುದು. ಅದೇ ಎಲೆಗಳು ಮರಿಗಳಿಗೆ ಬಿಸಿಲಿನ ಕೊಡೆ, ಕಾಗೆಯ ಕಣ್ಣಿಗೆ ಮರೆ. ಕತ್ತರಿಯನ್ನು ಒಳಗಿಟ್ಟು, ಎಲೆಯ ಮರೆಯಲ್ಲಿ ಕೊಕ್ಕಿನ ತುದಿಯಷ್ಟೇ ಕಾಣುವ ಚಿತ್ರದಿಂದ ತೃಪ್ತನಾದವನ ಹಿತ್ತಿಲಿಗೆ ಮರುವರ್ಷದ ಚಳಿಗಾಲದಲ್ಲಿ ದಾಸಾಳ ಹುಡುಕಿ ಬರುವ ಹಕ್ಕಿಗಳು ಉಳಿದಿರುವುವು.